ಮಳೆ ಬರಲಿ, ಹೊಳವೂ ಕೊಡಲಿ

ಈಗ ಪರದೆಯ ಮೇಲೆ ಕಾಣುತ್ತಿರುವುದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಗೆ ಜುಲೈನಲ್ಲಿ ಬರುವವರು ಮಂಜನ್ನೂ ತುಂಬಿ ಹರಿಯುವ ಹಳ್ಳಗಳನ್ನೂ ನೋಡಿ ಸಂತೋಷಪಟ್ಟು ಮರಳುತ್ತಾರೆ, ಆ ಸಂತೋಷದಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕು ತಿಂಗಳು ಇದೇ ಮಳೆಯ ಕೆಳಗೆ ಬದುಕು ಸಾಗಿಸುವವರಿಗೆ ಅದು ಹೇಗನ್ನಿಸುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕೆಂದು ಈ ಸಲ ಮನೆಮನೆಗೆ ಹೋದೆ.

"ನಿಮಗೆ ಮಳೆ ಇಷ್ಟವೇ?" ಎಂದು ಕೇಳಿದರೆ ಹಿರಿಯರು "ಯಾವ ಮಳೆ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಬದಲಾಗುವ ಮಳೆ ನಕ್ಷತ್ರಗಳಲ್ಲಿ ಒಂದೊಂದರ ಮೇಲೂ ಅವರಿಗೆ ಬೇರೆ ಬೇರೆ ಭಾವನೆಯಿದೆ. ಮೃಗಶಿರ ತಡವಾದರೆ ಕಳವಳ, ಆರಿದ್ರೆ ಹಿಡಿದರೆ ನೆಮ್ಮದಿ, ಗದ್ದೆ ನೆಟ್ಟಿಯ ಹೊತ್ತಿಗೆ ಪುನರ್ವಸು ಕೈಕೊಡಬಾರದೆಂಬ ಹಾರೈಕೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ಒಬ್ಬ ಅಜ್ಜಿ ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಆಕೆ ನಿಜಕ್ಕೂ ಮನೆಯವರೊಬ್ಬರ ಬಗ್ಗೆಯೇ ಮಾತನಾಡುತ್ತಿದ್ದಾರೆ ಎನ್ನಿಸಿತು.

ಅಡಿಕೆ ಬೆಳೆಗಾರರ ಮನಸ್ಸು ಇನ್ನೂ ಸೂಕ್ಷ್ಮ. ಮಳೆ ಬಿಡದೆ ಹಿಡಿದು, ತೋಟದಲ್ಲಿ ತೇವ ಆರದೆ ನಿಂತರೆ ಕೊಳೆರೋಗ ಹಬ್ಬುತ್ತದೆ. ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂತಹ ಕಲೆ ಮೂಡಿ, ಕೆಲವೇ ದಿನಗಳಲ್ಲಿ ಎಳೆಯ ಅಡಿಕೆ ಕೊಳೆತು ಉದುರಲಾರಂಭಿಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿಕೊಟ್ಟರು. ಇಂದಿಗೂ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬುದೇ ಇಲ್ಲಿನ ಲೆಕ್ಕ. ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನಗಳ ನಂತರ ಮತ್ತೊಮ್ಮೆ ಅದನ್ನು ಗೊನೆಗೆ ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಗೊನೆ ಒಣಗಿರಬೇಕು, ಜಾರುವ ಮರ ಹತ್ತುವ ಧೈರ್ಯದ ಆಳು ಸಿಗಬೇಕು, ಆಕಾಶವೂ ಒಂದಷ್ಟು ಗಂಟೆ ಹೊಳವು, ಅಂದರೆ ಮಳೆಯ ನಡುವೆ ಬಿಡುವು, ಕೊಡಬೇಕು. "ಮಳೆ ಬರ್ಲಿ ಮಾರಾಯ್ರೆ, ಬ್ಯಾಡ ಅಂತ ಯಾರು ಹೇಳ್ತಾರೆ? ಒಂಚೂರು ಹೊಳವು ಕೊಡ್ಲಿ ಅಷ್ಟೆ" ಎಂದರು ಒಬ್ಬರು. ನಾನು ಕೇಳಿದ ಮಾತುಗಳಲ್ಲೆಲ್ಲ ಇಡೀ ಊರಿನ ಮನಸ್ಸು ಇದರಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಆದರೆ 2023ರ ನೆನಪು ತೆಗೆದರೆ ಅದೇ ಜನರ ದನಿ ಬದಲಾಗುತ್ತದೆ. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆಗಾಲದ ನಡುವೆ ಬಿಸಿಲು ಬಿದ್ದ ಅಂಗಳ ನೋಡಿ ಭಯವಾಯಿತೆಂದು ಹೇಳಿದವರು, ಅತಿವೃಷ್ಟಿಯ ಬಗ್ಗೆ ದೂರುವಾಗ ಈ ಭಯದ ಮಾತನ್ನು ಆಡಿರಲಿಲ್ಲ.

ಮನೆಯೊಳಗಿನ ಕಷ್ಟವನ್ನು ಹೆಂಗಸರು ಹೆಚ್ಚು ನೇರವಾಗಿ ಹೇಳಿದರು. ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹರವಿ ಒಣಗಿಸಬೇಕು, ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಮಕ್ಕಳು ಶಾಲೆಯಿಂದ ಮರಳುವವರೆಗೆ ಹಳ್ಳ ದಾಟುವ ಸಂಕದ, ಅಂದರೆ ಕಾಲುಸೇತುವೆಯ, ಮೇಲೆಯೇ ಜೀವ. ಇವರ ನಡುವೆ ಚಳ್ಳಕೆರೆಯಿಂದ ಮದುವೆಯಾಗಿ ಬಂದ ಒಬ್ಬ ಸೊಸೆಯೂ ಇದ್ದರು. ಕಡಲಿನಿಂದ ಬರುವ ಮೋಡಗಳು ಘಟ್ಟವನ್ನೇರುವಾಗಲೇ ಬಹುಪಾಲು ಸುರಿದುಬಿಡುವುದರಿಂದ, ಅವರ ತವರಿಗೆ ಇಲ್ಲಿನ ಹತ್ತನೆಯ ಒಂದು ಪಾಲಿನಷ್ಟೂ ಮಳೆ ದಕ್ಕುವುದಿಲ್ಲ. ಫೋನಿನಲ್ಲಿ ತಾಯಿ ಶೇಂಗಾ ಬಿತ್ತನೆಗೆ ಹದ ಸಿಕ್ಕಿಲ್ಲವೆಂದು ಹೇಳುತ್ತಿರುವಾಗ, ತಮಗೆ ಇಲ್ಲಿ ಮಳೆ ಸಾಕಾಗಿದೆ ಎನ್ನಲು ಬಾಯಿಯೇ ಬರುವುದಿಲ್ಲ ಎಂದರು. "ಅವ್ವಾ, ಇಲ್ಲೂ ಅಷ್ಟೇನಿಲ್ಲ" ಎಂದು ಸುಳ್ಳು ಹೇಳಿ ಮಾತು ಬದಲಾಯಿಸುತ್ತಾರಂತೆ.