ಕಾಂಪೌಂಡ್ ಕಲ್ಲು ಪದೇ ಪದೇ ಕಳುವಾಗ್ತಿದೆಯಾ? ಕ್ಯಾಮೆರಾಗಿಂತ ಮೊದಲು ಮಾಡಬೇಕಾದ್ದು ಬೇರೆ ಇದೆ

[ದೃಶ್ಯ: ಸೈಜುಗಲ್ಲಿನ ಕಾಂಪೌಂಡ್ ಗೋಡೆ. ಮೇಲಿನ ಚಪ್ಪಡಿ ಸಾಲಿನಲ್ಲಿ ಎರಡು ಕಡೆ ಖಾಲಿ. ಖಾಲಿ ಜಾಗದಲ್ಲಿ ಪುಡಿಪುಡಿಯಾದ ಹಳೇ ಸಿಮೆಂಟು.]

ನಮಸ್ಕಾರ. ಮನೆಯಿಂದ ಅರ್ಧ ಗ್ರಾಂ ಚಿನ್ನ ಹೋದ್ರೂ ಬೀದಿಗೆಲ್ಲ ಗೊತ್ತಾಗುತ್ತೆ. ಅದೇ ಕಾಂಪೌಂಡ್ ಮೇಲಿನ ಚಪ್ಪಡಿ ಒಂದು ಹೋಯ್ತು ಅನ್ನಿ, "ಅಯ್ಯೋ, ಕಲ್ಲು ತಾನೆ, ಬಿಡಿ ಅತ್ಲಾಗೆ" ಅಂತಾರೆ. ಬಿಡ್ತೀವಿ. ಹದಿನೈದು ದಿನಕ್ಕೆ ಇನ್ನೆರಡು ಹೋಗುತ್ತೆ. ಕದಿಯೋನಿಗೆ ಬೇಕಾಗಿದ್ದು ಆ "ಬಿಡಿ ಅತ್ಲಾಗೆ" ಅನ್ನೋ ಮಾತೇ.

ಮೇಲಿನ ಚಪ್ಪಡಿ ಅಂದಕ್ಕೆ ಮಾತ್ರ ಇಟ್ಟಿರೋದಲ್ಲ. ಮೇಸ್ತ್ರಿಗಳು ಕೋಪಿಂಗ್ ಅಂತಾರಲ್ಲ, ಅದು ಗೋಡೆಗೆ ಮುಚ್ಚಳ. ಅದು ಹೋದ ಜಾಗದಿಂದ ಮಳೆ ನೀರು ನೇರ ಗೋಡೆಯ ಹೊಟ್ಟೆಗೆ ಇಳಿಯುತ್ತೆ. ಮಣ್ಣಲ್ಲೋ ಗಾರೆಯಲ್ಲೋ ಕಟ್ಟಿದ ಹಳೇ ಗೋಡೆಯಾದ್ರೆ ಕಲ್ಲುಗಳ ಮಧ್ಯದ ಆ ಮಣ್ಣು, ಗಾರೆ ತೊಳೆದು ಹೋಗಿ, ಗೋಡೆ ಮೊದಲು ಉಬ್ಬುತ್ತೆ, ಆಮೇಲೆ ಒಂದು ದಿನ ರಸ್ತೆಗೆ ಕುಸಿಯುತ್ತೆ. ಹೋಗಿದ್ದು ನಾಲ್ಕು ಕಲ್ಲು, ಬಿದ್ದಿದ್ದು ಇಪ್ಪತ್ತಡಿ ಗೋಡೆ. ಅದಕ್ಕೇ ಮೊದಲನೇ ಕಲ್ಲು ಹೋದಾಗಲೇ ಎದ್ದು ನಿಲ್ಲಬೇಕು.

[ದೃಶ್ಯ: ಚಪ್ಪಡಿಯ ಮೇಲೆ ಅಳತೆ ಟೇಪು. ಪರದೆ ಮೇಲೆ ಲೆಕ್ಕ.]

ಎದ್ದು ನಿಂತು ಏನು ಮಾಡೋದು? ಕ್ಯಾಮೆರಾ ಅಂಗಡಿಗೆ ಓಡಬೇಡಿ. ಮೊದಲು ಹೋದ ಕಲ್ಲಿನ ತೂಕ ಲೆಕ್ಕ ಹಾಕಿ. ಪಕ್ಕದಲ್ಲಿ ಉಳಿದಿರೋ ಕಲ್ಲು ಅಳೆದರೆ ಸಾಕು.

ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,700 ಕೆಜಿ ತೂಗುತ್ತೆ. ನಾಲ್ಕಡಿ ಉದ್ದ, ಒಂದಡಿ ಅಗಲ, ಎರಡು ಇಂಚು ದಪ್ಪದ ಚಪ್ಪಡಿ ಅಂದ್ರೆ ಹತ್ತಿರ ಹತ್ತಿರ 50 ಕೆಜಿ. ಒಂದು ಮೂಟೆ ಸಿಮೆಂಟು. ಆದರೆ ಮೂಟೆ ಥರ ಹೆಗಲ ಮೇಲೆ ಹೊರೋಕಾಗಲ್ಲ, ಅಂಚು ಕುಯ್ಯುತ್ತೆ, ನಡುವೆ ಹಿಡಿದರೆ ತೂಗಾಡುತ್ತೆ. ಅಂಥವು ನಾಲ್ಕು ಒಂದೇ ರಾತ್ರಿ ಹೋಗಿದೆ ಅಂದ್ರೆ ಬಂದವರು ಕನಿಷ್ಠ ಇಬ್ಬರು, ಜೊತೆಗೆ ಟಾಟಾ ಏಸ್ ಥರದ ಗಾಡಿ. ಗಾಡಿ ಬಂದಿದ್ರೆ ಎಲ್ಲೋ ನಿಂತಿರಬೇಕು. ಚರಂಡಿ ಅಂಚಲ್ಲಿ ಟೈರಿನ ಗುರುತು, ಎದುರು ಮನೆ ಕ್ಯಾಮೆರಾ, ರಸ್ತೆ ತಿರುವಿನ ಅಂಗಡಿ ಕ್ಯಾಮೆರಾ, ಇವನ್ನ ನೋಡಬೇಕು.

ಅದೇ ಒಂಬತ್ತು, ಎಂಟು, ಆರು ಇಂಚಿನ ಸೈಜುಗಲ್ಲು ಹೋಗಿದ್ರೆ? ಒಂದು ಸುಮಾರು 19 ಕೆಜಿ. ಸ್ಕೂಟರಿನ ಕಾಲಿಡೋ ಜಾಗದಲ್ಲಿ ಎರಡು ಆರಾಮಾಗಿ ಕೂರುತ್ತೆ. ವಾರಕ್ಕೆ ಎರಡು ಮೂರು ಹೋಗ್ತಿದ್ರೆ ದೂರದಿಂದ ಗ್ಯಾಂಗು ಬರ್ತಿಲ್ಲ. ಹತ್ತಿರದಲ್ಲೇ ಯಾರದ್ದೋ ಮೆಟ್ಟಿಲು ಏಳ್ತಿದೆ, ಇಲ್ಲ ಪಕ್ಕದ ಸೈಟಲ್ಲಿ ಕೆಲಸ ನಡೀತಿದೆ. ಹಾಗಂತ ಹೋಗಿ ಜಗಳ ತೆಗೀಬೇಡಿ. ಸುಮ್ಮನೆ ಒಂದು ಸಲ ಆ ಕಡೆ ವಾಕಿಂಗ್ ಹೋಗಿ ಬನ್ನಿ. ಕೈಯಲ್ಲಿ ಉಳಿ ಹೊಡೆದ ಕಲ್ಲಿನ ಮೈ ಬೇರೆ, ಮಿಷನ್ನಲ್ಲಿ ಕುಯ್ದ ಕಲ್ಲಿನ ಮೈ ಬೇರೆ. ನಿಮ್ಮ ಗೋಡೆಯ ಕಲ್ಲನ್ನ ನಿಮ್ಮ ಕಣ್ಣು ಗುರುತು ಹಿಡಿಯುತ್ತೆ.

ಕಲ್ಲನ್ನ ಯಾಕಾದ್ರೂ ಕದೀತಾರೆ ಅಂತ ಕೇಳೋರಿಗೆ ಒಂದು ಮಾತು. ಕ್ವಾರಿಯಿಂದ ಹೊಸ ಕಲ್ಲು ಸಾಗಿಸೋಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ಟು ಬೇಕು, ಲೋಡಿಗೆ ಲೆಕ್ಕ ಇರುತ್ತೆ. "ಹಳೇ ಮನೆ ಒಡೆದಿದ್ದು ಸಾರ್" ಅಂತ ಬರೋ ಕಲ್ಲಿನ ಚರಿತ್ರೆ ಯಾರೂ ಕೇಳಲ್ಲ. ಮೇಲಿಂದ ಈಗ ಹಳೇ ಕಲ್ಲಿಗೇ ಬೆಲೆ. ಪಾಚಿ ಹಿಡಿದ ಚಪ್ಪಡಿ, ಕಲ್ಲು ಕಂಬ, ಒರಳು, ರುಬ್ಬುಗುಂಡು, ಎಲ್ಲ ಫಾರ್ಮ್‌ಹೌಸಿನ ಹುಲ್ಲುಹಾಸಿಗೆ ಹೋಗ್ತಿವೆ. ಇಂಗ್ಲೆಂಡಿನಲ್ಲೂ ಇದೇ ಕತೆ. ಯಾರ್ಕ್‌ಷೈರ್ ಕಡೆ ಹಳೇ ಮರಳುಗಲ್ಲಿನ ಹಾಸುಗಳನ್ನ ರಾತ್ರೋರಾತ್ರಿ ಎಬ್ಬಿಸಿಕೊಂಡು ಹೋಗ್ತಾರೆ.

[ದೃಶ್ಯ: ಮೇಸ್ತ್ರಿ ಚಪ್ಪಡಿಯನ್ನ ಮಗುಚಿ ಹಾಕಿದ್ದಾರೆ. ತಳದಲ್ಲಿ ಎರಡು ತೂತು. ಒಳಗಿನ ಪುಡಿಯನ್ನ ಊದಿ ತೆಗೀತಿದ್ದಾರೆ.]

ಸರಿ, ಈಗ ಗೋಡೆಗೆ ಬರೋಣ. ಕಳ್ಳನ ಹತ್ತಿರ ಇರೋ ಒಂದೇ ಆಯುಧ ಹಾರೆ. ಹಾರೆ ಸಂದಿಗೆ ತೂರಿಸಿ ಮೀಟಿದ್ರೆ ಬರೀ ಸಿಮೆಂಟಿನ ಮೇಲೆ ಕೂತ ಚಪ್ಪಡಿ ಒಂದೇ ಏಟಿಗೆ ಏಳುತ್ತೆ, ಯಾಕಂದ್ರೆ ನುಣುಪು ಗ್ರಾನೈಟಿಗೆ ಸಿಮೆಂಟು ಅಷ್ಟಾಗಿ ಕಚ್ಚಲ್ಲ. ಅದಕ್ಕೆ ಕಲ್ಲಿಗೂ ಗೋಡೆಗೂ ಮಧ್ಯೆ ಸರಳು ಹಾಕಬೇಕು.

ಚಪ್ಪಡಿಯ ತಳದಲ್ಲಿ ಎರಡು ತೂತು, 12 ಎಂಎಂ ಅಗಲ, ಒಂದು ಇಂಚು ಆಳ. ಅದಕ್ಕಿಂತ ಆಳ ಹೋದ್ರೆ ಎರಡಿಂಚಿನ ಕಲ್ಲು ಮೇಲುಗಡೆ ಸಿಡಿಯುತ್ತೆ. ಡ್ರಿಲ್ಲನ್ನ ಕುಟ್ಟಿ ಕೊರೆಯೋ ಹ್ಯಾಮರ್ ಮೋಡ್‌ನಲ್ಲಿ ಇಡಬೇಡಿ ಅಂತ ಮೇಸ್ತ್ರಿಗೆ ಹೇಳಿ, ಡೈಮಂಡ್ ಮೊನೆಯ ಬಿಟ್ ಹಾಕಿ ನಿಧಾನಕ್ಕೆ ಕೊರೀಲಿ. ಗೋಡೆಯಲ್ಲಿ ಅದಕ್ಕೆ ಸರಿಯಾಗಿ ಐದಾರು ಇಂಚು ಆಳದ ತೂತು. ಮಧ್ಯೆ 10 ಎಂಎಂ ಸ್ಟೇನ್‌ಲೆಸ್ ಸರಳು, ಎರಡೂ ಕಡೆ ಎಪಾಕ್ಸಿ ಅನ್ನೋ ಗಟ್ಟಿ ಅಂಟು. ಈಗ ಪರದೆ ಮೇಲೆ ನೋಡಿ, ಇವರು ತೂತಿನ ಪುಡಿ ಊದಿ, ಬ್ರಷ್ಷಾಡಿಸಿ, ಮತ್ತೆ ಊದ್ತಿದ್ದಾರೆ. ಎಷ್ಟೋ ಕಡೆ ಈ ಕೆಲಸ ಕೆಡೋದು ಇಲ್ಲೇ. ಪುಡಿ ಉಳಿದ್ರೆ ಎಪಾಕ್ಸಿ ಕಲ್ಲಿಗೆ ಅಂಟಲ್ಲ, ಪುಡಿಗೆ ಅಂಟುತ್ತೆ. ಮೀಟಿದ ತಕ್ಷಣ ಸರಳು ಕೈಗೆ ಬರುತ್ತೆ. ಇನ್ನೊಂದು, ದುಡ್ಡು ಉಳಿಸೋಕೆ ಅಂತ ಮಾಮೂಲಿ ಕಬ್ಬಿಣದ ಸರಳು ಹಾಕಬೇಡಿ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತೆ, ಕಳ್ಳ ಬಿಟ್ಟ ಕಲ್ಲನ್ನ ತುಕ್ಕು ಒಡೆಯುತ್ತೆ.

ಎಲ್ಲ ಕಲ್ಲಿಗೂ ಹಾಕೋಕೆ ದುಡ್ಡಿಲ್ಲ ಅಂದ್ರೆ ಗೋಡೆಯ ಎರಡು ತುದಿ, ಗೇಟಿನ ಅಕ್ಕಪಕ್ಕ, ಮೂಲೆ, ಇಷ್ಟಕ್ಕಾದ್ರೂ ಹಾಕಿಸಿ. ಹಾರೆಗೆ ಬಾಯಿ ಸಿಗೋದು ಅಲ್ಲೇ. ಮೊದಲನೇ ಕಲ್ಲು ಏಳದಿದ್ರೆ ಎರಡನೇದರ ಸಂದಿಗೆ ಹಾರೆ ಹಾಕೋದು ಕಷ್ಟ. ಹೋದ ಕಲ್ಲಿನ ಬದಲು ಆರಡಿಯ ಚಪ್ಪಡಿ ಹಾಕಿಸಿದ್ರೆ ಅದೊಂದೇ 75 ಕೆಜಿ ದಾಟುತ್ತೆ, ಅದೂ ಒಳ್ಳೇ ಉಪಾಯ.

ಮಂಗಳೂರು, ಉಡುಪಿ ಕಡೆಯವರಿಗೆ ಈ ಸರಳಿನ ವಿದ್ಯೆ ನಡೆಯಲ್ಲ. ಕೆಂಪು ಕಲ್ಲು ಮೆದು, ತೂತುತೂತು, ಹಿಡಿತ ಸಾಲದು. ಅಲ್ಲಿ ಗೋಡೆ ಮೇಲೆ ಸ್ಥಳದಲ್ಲೇ ಕಾಂಕ್ರೀಟ್ ಪಟ್ಟಿ ಹಾಕಿಸೋದೇ ಸರಿ.

ಗೋಡೆ ಬಿಚ್ಚಿದ್ದೀರಲ್ಲ, ಹಾಗೇ ಕಲ್ಲಿನ ತಳದಲ್ಲಿ ಉಳಿಯಿಂದ ಒಂದು ಗುರುತು ಕೊರೆಸಿ. ಇನಿಷಿಯಲ್ಲು, ಮನೆ ನಂಬರು, ಏನಾದ್ರೂ. ಟೇಪು ಇಟ್ಟು ಫೋಟೋ ತೆಗೀರಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

[ದೃಶ್ಯ: ನಿರೂಪಕರು ಮೇಜಿನ ಮುಂದೆ. ಕೈಯಲ್ಲಿ ಬರೆದ ದೂರು.]

ಈಗ ಸ್ಟೇಷನ್ನು. ಅಲ್ಲಿ ಕೇಳೋ ಮೊದಲ ಮಾತು ಗೊತ್ತೇ ಇದೆ: "ಕಲ್ಲಿಗೆಲ್ಲ ಎಫ್‌ಐಆರ್ ಹಾಕಕ್ಕಾಗುತ್ತಾ ಯಜಮಾನ್ರೇ?" ಇದು ಬರೀ ಸೋಮಾರಿತನ ಅಂದ್ಕೊಬೇಡಿ, ಇದರ ಹಿಂದೆ ಕಾನೂನಿನ ಒಂದು ಗಂಟಿದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನ 303ನೇ ಕಲಂ. ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡನೇ ಸಲ ಶಿಕ್ಷೆ ಆದ್ರೆ ಒಂದರಿಂದ ಐದು ವರ್ಷ. ಆದರೆ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ರೆ ಅದು ಅಸಂಜ್ಞೇಯ. ಅಂದ್ರೆ ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ರೆ ಸಮುದಾಯ ಸೇವೆಯೇ ಶಿಕ್ಷೆ. "ಒಂದೆರಡು ಕಲ್ಲು ಹೋಯ್ತು ಸಾರ್, ಸಾವಿರ ರೂಪಾಯಿ ಆಗಬಹುದು" ಅಂತ ಬಾಯಲ್ಲಿ ಹೇಳಿದ್ರಿ ಅಂದ್ರೆ ಬಾಗಿಲನ್ನ ನೀವೇ ಮುಚ್ಚಿಕೊಂಡ ಹಾಗೆ.

ಸುಳ್ಳು ಬೆಲೆ ಬರೀರಿ ಅಂತ ಖಂಡಿತ ಹೇಳ್ತಿಲ್ಲ. ಕಲ್ಲಿನ ಅಂಗಡಿಯಿಂದ ಅದೇ ಅಳತೆ, ಅದೇ ಥರದ ಕಲ್ಲಿನ ಬೆಲೆಗೆ ಕೊಟೇಶನ್ ತಗೊಂಡು ದೂರಿಗೆ ಲಗತ್ತಿಸಿ. ನಿಜವಾದ ಬೆಲೆ ನಾವು ಬಾಯಲ್ಲಿ ಹೇಳೋದಕ್ಕಿಂತ ಜಾಸ್ತೀನೇ ಇರೋದು ಹೆಚ್ಚು. ಹಿಂದಿನ ಸಲಗಳ ತಾರೀಕನ್ನೂ ಅದೇ ದೂರಿನಲ್ಲಿ ಬರೀರಿ. ಒಬ್ಬನೇ ಆರೋಪಿ 12 ತಿಂಗಳೊಳಗೆ ಮಾಡಿದ ಒಂದೇ ಬಗೆಯ ಐದು ಅಪರಾಧಗಳವರೆಗೆ ಒಟ್ಟಿಗೇ ವಿಚಾರಣೆ ಮಾಡೋಕೆ ಅವಕಾಶ ಇದೆ.

ಬೆಲೆ ನಿಜವಾಗಲೂ 5,000 ದಾಟಲ್ಲ ಅಂದ್ರೆ? ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಕಳ್ಳ ನಿಮ್ಮ ಜಾಗದ ಒಳಗೆ ಕಾಲಿಟ್ಟಿದ್ರೆ ಅದು ಅಪರಾಧದ ಉದ್ದೇಶದ ಅತಿಕ್ರಮ ಪ್ರವೇಶ, 329ನೇ ಕಲಂ. ಶಿಕ್ಷೆ ಸಣ್ಣದು, ಮೂರು ತಿಂಗಳು. ಆದರೆ ಅದು ಸಂಜ್ಞೇಯ, ಅಂದ್ರೆ ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದು. ಒಂದೇ ಪ್ರಕರಣದಲ್ಲಿ ಹಲವು ಅಪರಾಧ ಇದ್ದು, ಅದರಲ್ಲಿ ಒಂದು ಸಂಜ್ಞೇಯ ಆದ್ರೂ ಇಡೀ ಪ್ರಕರಣವನ್ನ ಸಂಜ್ಞೇಯ ಅಂತಲೇ ನೋಡಬೇಕು ಅಂತ ಪೊಲೀಸರು, ಕೋರ್ಟು ಕೇಸು ನಡೆಸೋ ಕ್ರಮ ಹೇಳೋ ಕಾನೂನು, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತೆ. ಹಾಗಾಗಿ ಕಲ್ಲು ಹೋದ ಜಾಗದ ಫೋಟೋ ಮಾತ್ರ ಸಾಲದು. ಒಳಗಿನ ಪಾತಿಯಲ್ಲಿ ತುಳಿದ ಹೆಜ್ಜೆ, ಮುರಿದ ದಾಸವಾಳದ ಕೊಂಬೆ, ಒಳಗಡೆ ಬಿದ್ದ ಸಿಮೆಂಟು ಚಕ್ಕೆ, ಇವುಗಳ ಫೋಟೋ ತೆಗೀರಿ, ನೀರು ಹಾಕೋಕೆ ಮುಂಚೆ.

"ಗೋಡೆ ಸ್ಥಿರಾಸ್ತಿ ಅಲ್ವಾ, ಸ್ಥಿರಾಸ್ತಿ ಕಳುವು ಹೆಂಗಾಗುತ್ತೆ?" ಅಂತ ವಾದ ಮಾಡೋ ಮಹಾನುಭಾವರೂ ಸಿಗ್ತಾರೆ. ಉತ್ತರ 303ರ ವಿವರಣೆಯಲ್ಲೇ ಇದೆ. ಭೂಮಿಗೆ ಅಂಟಿಕೊಂಡಿರೋವರೆಗೆ ಅದನ್ನ ಕದಿಯೋಕಾಗಲ್ಲ, ಕಿತ್ತ ಕ್ಷಣದಿಂದ ಕದಿಯಬಹುದಾದ ಮಾಲು. ಕೀಳೋದು, ಸಾಗಿಸೋದು ಎರಡೂ ಒಂದೇ ಏಟಿಗೆ ಆದ್ರೂ ಕಳ್ಳತನವೇ.

ಎಫ್‌ಐಆರ್ ಆದ್ರೆ ಪ್ರತಿ ಉಚಿತ, ಕೇಳಿ ಪಡ್ಕೊಳ್ಳಿ. ಸಂಜ್ಞೇಯ ಆಗಿದ್ರೂ ತಗೊಳ್ಳಲ್ಲ ಅಂದ್ರೆ ದೂರನ್ನ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್. ದೂರನ್ನ ಆನ್‌ಲೈನ್‌ನಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

[ದೃಶ್ಯ: ಗೋಡೆ ಮೇಲೆ ನೆಟ್ಟ ಬಾಟಲಿ ಚೂರುಗಳು. ಒಂದು ತಂತಿ ಬೇಲಿ.]

ಕೋಪದಲ್ಲಿ ಮಾಡೋ ಕೆಲಸಗಳ ಬಗ್ಗೆ ಎರಡು ಮಾತು. ಗೋಡೆ ಮೇಲೆ ತಂತಿ ಎಳೆದು ಲೈನಿನ ಕರೆಂಟು ಬಿಡೋ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನ ಮನೆ ಒಳಗೆ ಸೇರಿಸಬೇಡಿ. ಬೆಳಿಗ್ಗೆ ಹೂವು ಕೀಳೋಕೆ ಬರೋ ಪಕ್ಕದ ಮನೆ ಅಜ್ಜಿಗೂ ಅದು ಹೊಡೆಯುತ್ತೆ. ಸಾವಾದ್ರೆ ಜೈಲಿಗೆ ಹೋಗೋದು ನೀವು. ಕಳ್ಳನ್ನ ಕಣ್ಣಾರೆ ಕಂಡ್ರೂ ಕೂಗಿ ಅಕ್ಕಪಕ್ಕದವರನ್ನ ಎಬ್ಬಿಸಿ, ಗಾಡಿ ನಂಬರ್ ಬರ್ಕೊಳ್ಳಿ, 112ಕ್ಕೆ ಫೋನ್ ಮಾಡಿ. ಕಟ್ಟಿಹಾಕಿ ಹೊಡೆಯೋದಂತೂ ಬೇಡವೇ ಬೇಡ.

ಕ್ಯಾಮೆರಾ ಬೇಡ ಅಂತ ನಾನು ಹೇಳಿಲ್ಲ, ಕೊನೆಗೆ ಹಾಕಿ ಅಂದೆ ಅಷ್ಟೆ. ಹಾಕಿದ್ರೆ ಆಳೆತ್ತರದಲ್ಲಿ, ಗೋಡೆಗೆ ಉದ್ದುದ್ದ ನೋಡೋ ಹಾಗೆ ಹಾಕಿ. ಮೇಲಿಂದ ಇಟ್ರೆ ಟೋಪಿ ಮಾತ್ರ ಕಾಣುತ್ತೆ. ರೆಕಾರ್ಡಿಂಗ್ ಇಟ್ಟುಕೊಳ್ಳೋ ಪೆಟ್ಟಿಗೆ, ಡಿವಿಆರ್, ಹಳೇದರ ಮೇಲೇ ಹೊಸದನ್ನ ಬರೆಯುತ್ತೆ, ಅದಕ್ಕೆ ಬೇಕಾದ ತುಣುಕನ್ನ ಅವತ್ತೇ ತೆಗೆದಿಡಿ, ಮೂಲ ರೆಕಾರ್ಡಿಂಗ್ ಅಳಿಸಬೇಡಿ. ಕೋರ್ಟಿಗೆ ಅದರ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತೆ.

ಮನೆಗೆ ವಿಮೆ ಇದೆ ಅನ್ನೋರು ಪಾಲಿಸಿ ತೆಗೆದು ಓದಿ. "ಭಾರತ್ ಗೃಹ ರಕ್ಷಾ" ಪಾಲಿಸಿಯಲ್ಲಿ ಕಾಂಪೌಂಡ್ ಗೋಡೆ ಕಟ್ಟಡದ ಲೆಕ್ಕಕ್ಕೆ ಬರುತ್ತೆ, ಆದರೆ ಕಳುವಿಗೆ ಪರಿಹಾರ ಸಿಗೋದು ಬೆಂಕಿ, ಪ್ರವಾಹದಂಥ ಘಟನೆಯಿಂದಲೇ ಆದ ಕಳುವು, ಅದಾಗಿ ಏಳು ದಿನದೊಳಗೆ ನಡೆದಿದ್ರೆ ಮಾತ್ರ. ಸುಮ್ಮನೆ ರಾತ್ರಿ ಬಂದು ಚಪ್ಪಡಿ ಎತ್ತಿಕೊಂಡು ಹೋದ್ರೆ ಅದರಲ್ಲಿ ಏನೂ ಬರಲ್ಲ.

[ದೃಶ್ಯ: ಚಪ್ಪಡಿಯ ತಳ. ಉಳಿಯಲ್ಲಿ ಕೊರೆದ ಎರಡು ಅಕ್ಷರ, ಪಕ್ಕದಲ್ಲಿ ಟೇಪು.]

ಆಗಲೇ ಗುರುತು ಕೊರೆಸಿ ಅಂದೆನಲ್ಲ. ಕಲ್ಲು ಸಿಕ್ತು ಅಂತಿಟ್ಕೊಳ್ಳಿ, ಯಾರದ್ದೋ ತೋಟದಲ್ಲೋ, ಹಳೇ ಸಾಮಾನಿನ ಯಾರ್ಡಲ್ಲೋ. ಕೊಂಡವನು "ದುಡ್ಡು ಕೊಟ್ಟು ತಂದಿದ್ದೀನಿ" ಅಂತಾನೆ. ಕಳುವಿನ ಮಾಲು ಅಂತ ಗೊತ್ತಿದ್ದೋ, ಹಾಗೆ ನಂಬೋಕೆ ಕಾರಣ ಇದ್ದೋ ಕೊಂಡಿದ್ರೆ ಅವನ ಮೇಲೂ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ಆದರೆ ಒಂದು ಬೂದು ಗ್ರಾನೈಟ್ ಚಪ್ಪಡಿ ಇನ್ನೊಂದರ ಥರವೇ ಇರುತ್ತೆ, ನಿಮ್ಮದು ಅಂತ ತೋರಿಸಬೇಕಾದವರು ನೀವು. ಪೊಲೀಸರು ಜಪ್ತಿ ಮಾಡಿದ ಮೇಲೆ ಅದು ಕೋರ್ಟಿನ ಮಾಲು. ಕೇಸು ಮುಗಿಯೋ ಮುಂಚೆಯೇ ಬಿಡಿಸಿಕೊಳ್ಳೋಕೆ, ಅಂದ್ರೆ ಮಧ್ಯಂತರ ಬಿಡುಗಡೆಗೆ, ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಕೆಳಗೆ ಅರ್ಜಿ ಹಾಕಿ, ಜೊತೆಗೆ ಆ ಫೋಟೋ, ಮೇಸ್ತ್ರಿಯ ಬಿಲ್ಲು, ಎಫ್‌ಐಆರ್ ಪ್ರತಿ ಇಡಿ. ಬಿಡುಗಡೆ ಆದ್ರೆ ಸಾಗಿಸೋ ಖರ್ಚು ನಿಮ್ಮದೇ. ಹಮಾಲರಿಗೆ ಮೊದಲೇ ಹೇಳಿಡಿ.