ಅಜ್ಜಿಯ ತಾರೀಕು ಯಾವತ್ತು?

ನಮಸ್ಕಾರ. ಬ್ರಿಟನ್ನಿನ ಬೇರೆ ಬೇರೆ ಊರುಗಳಲ್ಲಿ ಕೂತು ರೇಡಿಯೋ ಕೇಳುತ್ತಿರುವ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ. ನಾನು ವಲಸೆ ಕಾನೂನಿನ ಸಲಹೆಗಾರ್ತಿ. ವೀಸಾ, ಅರ್ಜಿ, ತಾರೀಕು, ಬೆಳಗಿನಿಂದ ಸಂಜೆವರೆಗೆ ಇದೇ ನನ್ನ ಕೆಲಸ. ಇವತ್ತು ಉಕ್ರೇನಿನಿಂದ ಬಂದು ಇಲ್ಲಿ ಇರುವವರ ವೀಸಾ ಬಗ್ಗೆ ಮಾತಾಡುತ್ತೇನೆ.

ಉಕ್ರೇನಿನವರ ವಿಷಯ ಕನ್ನಡದಲ್ಲಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಹೇಳುತ್ತೇನೆ. ನಿಮ್ಮಲ್ಲಿ ಕೆಲವರು 2022ರಲ್ಲಿ ಮನೆಯ ಒಂದು ರೂಮು ಅವರಿಗೆ ಬಿಟ್ಟುಕೊಟ್ಟಿರಿ. ಕೆಲವರ ಕೇರ್ ಹೋಮ್‌ನಲ್ಲಿ, ಹೋಟೆಲಿನಲ್ಲಿ ಉಕ್ರೇನಿನ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಕೆಲವರು ಮನೆ ಬಾಡಿಗೆಗೆ ಕೊಟ್ಟಿದ್ದೀರಿ. ಅವರಿಗೆ ಏನಾದರೂ ಸಂಶಯ ಬಂದರೆ ಮೊದಲು ಕೇಳುವುದು ನಿಮ್ಮನ್ನೇ. ಯಾಕೆಂದರೆ ನೀವೂ ಒಂದು ಕಾಲದಲ್ಲಿ ಇದೇ ಫಾರ್ಮು ಹಿಡಿದುಕೊಂಡು ಓಡಾಡಿದವರು. ನೀವು ಕೊಡುವ ಉತ್ತರ ಸರಿಯಾಗಿರಬೇಕು, ಅಲ್ವಾ?

ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ಅದನ್ನೇ ತಿರುಗಿ ತಿರುಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯ ಒಬ್ಬೊಬ್ಬರ ತಾರೀಕನ್ನೂ ಬೇರೆ ಬೇರೆಯಾಗಿ ನೋಡಿ. ಅದು ಮುಗಿಯುವ ಮುಂಚೆ ಅರ್ಜಿ ಹಾಕಿ. ಮುಗಿದ ಮೇಲೆ ಅಲ್ಲ. ಮುಗಿಯುವ ಮುಂಚೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಶುರು ಮಾಡಿತು. ಮಾರ್ಚ್ 4ರಂದು ಇಲ್ಲಿ ಉಕ್ರೇನ್ ಫ್ಯಾಮಿಲಿ ಸ್ಕೀಮ್ ತೆರೆಯಿತು. ಅದು ಇಲ್ಲಿ ಸಂಬಂಧಿಕರು ಇದ್ದವರಿಗೆ. ಅದೇ ತಿಂಗಳು 18ರಿಂದ ಹೋಮ್ಸ್ ಫಾರ್ ಉಕ್ರೇನ್ ಅರ್ಜಿಗಳು ಶುರುವಾದವು. ಸಂಬಂಧಿಕರು ಇಲ್ಲದಿದ್ದರೂ ಯಾರಾದರೂ ಮನೆಯಲ್ಲಿ ಜಾಗ ಕೊಟ್ಟರೆ ಬರಬಹುದು. ಜಾಗ ಕೊಟ್ಟವರಿಗೆ ಸರಕಾರ ತಿಂಗಳಿಗೆ 350 ಪೌಂಡ್ ಕೊಟ್ಟಿತು. ಎರಡೂ ಸೇರಿ 2 ಲಕ್ಷಕ್ಕೂ ಜಾಸ್ತಿ ಜನ ಬಂದರು. ಮೊದಲು ಬಂದವರಿಗೆ ಮೂರು ವರ್ಷದ ಅನುಮತಿ. 2024ರ ಫೆಬ್ರವರಿ 19ಕ್ಕೆ ಫ್ಯಾಮಿಲಿ ಸ್ಕೀಮ್ ಮುಚ್ಚಿತು, ಹೊಸಬರಿಗೆ ಮೂರು ವರ್ಷದ ಬದಲು 18 ತಿಂಗಳು ಅಂತ ಆಯಿತು. ಮೂರು ವರ್ಷ ಮುಗಿಯುತ್ತಾ ಬಂದವರಿಗೆ 2025ರ ಫೆಬ್ರವರಿ 4ರಂದು ಇನ್ನೊಂದು ಬಾಗಿಲು ತೆರೆಯಿತು. ಹೆಸರು ಉಕ್ರೇನ್ ಪರ್ಮಿಷನ್ ಎಕ್ಸ್‌ಟೆನ್ಷನ್. ಇನ್ನೂ 18 ತಿಂಗಳು. ಅದರ ಮೇಲೆ ಮತ್ತೆ 24 ತಿಂಗಳು ಕೊಡುತ್ತೇವೆ ಅಂತ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ಇಷ್ಟು ಕೇಳಿದ ಕೂಡಲೇ ಜನ ಏನು ಮಾಡುತ್ತಾರೆ ಗೊತ್ತಾ? "ಓ, ಎಲ್ಲರಿಗೂ ಸಿಗುತ್ತದಂತೆ" ಅಂತ ನಿಶ್ಚಿಂತೆಯಿಂದ ಕೂತುಬಿಡುತ್ತಾರೆ. ಸಿಗುತ್ತದೆ. ಆದರೆ ಕೇಳಿದವರಿಗೆ ಸಿಗುತ್ತದೆ. ತಾನಾಗಿ ಬರುವುದಿಲ್ಲ. ಒಬ್ಬೊಬ್ಬರೂ ಕೇಳಬೇಕು. ಎರಡು ವರ್ಷದ ಮಗುವಿಗೂ ಬೇರೆ ಅರ್ಜಿ.

ಇದರಲ್ಲಿ ನಾವು ಯುರೋಪಿನವರ ಹಾಗಲ್ಲ. ಯುರೋಪಿಯನ್ ಯೂನಿಯನ್ನಿನಲ್ಲಿ ತಾತ್ಕಾಲಿಕ ರಕ್ಷಣೆ ಅಂತ ಒಂದು ಕಾನೂನಿದೆ. 2001ರಲ್ಲೇ ಮಾಡಿಟ್ಟಿದ್ದರು, ಮೊದಲ ಸಲ ಹೊರಗೆ ತೆಗೆದದ್ದು 2022ರ ಮಾರ್ಚ್ 4ರಂದು. ಅಲ್ಲಿ 40 ಲಕ್ಷಕ್ಕೂ ಜಾಸ್ತಿ ಜನರಿಗೆ ಒಂದೇ ಗಡುವು. ಈಗ ಅದು 2027ರ ಮಾರ್ಚ್ 4. ಜರ್ಮನಿಯಲ್ಲಿರುವ ತಂಗಿಗೂ ಪೋಲೆಂಡಿನಲ್ಲಿರುವ ಅಕ್ಕನಿಗೂ ಅದೇ ದಿನ. ಬ್ರಿಟನ್ನಿನಲ್ಲಿ ಹಾಗಿಲ್ಲ. ಇಲ್ಲಿ ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ಎಡವಟ್ಟಾಗುವುದು ಇಲ್ಲೇ.

ನನಗೆ ತುಂಬಾ ಬೇಕಾದವರ ಮನೆಯ ಕಥೆ ಹೇಳುತ್ತೇನೆ. ಹೆಸರು ಬೇಡ. ಮಿಡ್‌ಲ್ಯಾಂಡ್ಸ್‌ನಲ್ಲಿ ದಾವಣಗೆರೆ ಕಡೆಯ ದಂಪತಿ ಇದ್ದಾರೆ. ನಾನು ಅಕ್ಕ, ಭಾವ ಅಂತಲೇ ಕರೆಯುವುದು. ಭಾವ ರಿಟೈರ್ ಆಗಿದ್ದಾರೆ, ಮಕ್ಕಳು ಬೇರೆ ಊರಿನಲ್ಲಿ. ಅಕ್ಕನ ಅಣ್ಣನ ಮಗಳು ಎಂಬಿಬಿಎಸ್ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋಗಿದ್ದಳು. ನಮ್ಮ ಕಡೆಯ ಎಷ್ಟೋ ಮಕ್ಕಳು ಹೋಗಿದ್ದರು, ನಿಮಗೆ ಗೊತ್ತು. ಯುದ್ಧ ಶುರುವಾದಾಗ ಆ ಹುಡುಗಿ ನೆಲಮಾಳಿಗೆಯಲ್ಲಿ ಕೂತು ಫೋನ್ ಮಾಡುತ್ತಿದ್ದಳಂತೆ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಹುಡುಗ ಅದೇ ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಅಕ್ಕ ಅವತ್ತು ಊಟ ಮಾಡಲಿಲ್ಲ. ಅಣ್ಣನ ಮಗಳು ಹೇಗೋ ಗಡಿ ದಾಟಿ ಊರು ಸೇರಿದಳು. ಅವಳು ಬಾಡಿಗೆಗಿದ್ದ ಮನೆಯ ಓನರಮ್ಮ ಮಾತ್ರ ಅಲ್ಲೇ ಉಳಿದಿದ್ದಳು. ಆ ಓನರಮ್ಮ, ಅವಳ ಮಗ, ಅವಳ ತಾಯಿ. "ಅವಳು ನಮ್ಮ ಹುಡುಗಿಗೆ ಸೂಪು ಮಾಡಿ ಕೊಟ್ಟವಳು ಕಣೇ" ಅಂತ ಅಕ್ಕ ನನಗೆ ಫೋನ್ ಮಾಡಿದರು. "ಕರೆಸಿಕೊಳ್ಳುವುದು ಹೇಗೆ, ಹೇಳು."

ಕರೆಸಿಕೊಂಡೆವು. ಅಜ್ಜಿಯ ಮಗಳಿಗೂ, ಅಂದರೆ ಆ ಓನರಮ್ಮನಿಗೂ, ಮೊಮ್ಮಗನಿಗೂ ಚಿಪ್ ಇರುವ ಪಾಸ್‌ಪೋರ್ಟ್ ಇತ್ತು. ಅವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರು, ಪ್ರಯಾಣಕ್ಕೆ ಪತ್ರ ಬಂತು, ವಿಮಾನ ಹತ್ತಿದರು. ಇಲ್ಲಿ ಬಂದ ಮೇಲೆ ಬೆರಳಚ್ಚು ಕೊಟ್ಟರು. ಅಜ್ಜಿಗೆ ಆ ಪಾಸ್‌ಪೋರ್ಟ್ ಇರಲಿಲ್ಲ. ಅವರು ಪೋಲೆಂಡಿನ ವೀಸಾ ಕೇಂದ್ರಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಅಲ್ಲೇ ಬೆರಳಚ್ಚು ಕೊಟ್ಟು ವೀಸಾ ಪಡೆದರು. ಮೂವರೂ ಒಂದೇ ದಿನ ಅಕ್ಕನ ಮನೆ ಬಾಗಿಲಿಗೆ ಬಂದರು. ಹಾಗಂತ ಮೂವರ ಮೂರು ವರ್ಷ ಒಂದೇ ದಿನ ಶುರುವಾಗಲಿಲ್ಲ. ಇದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ತುಂಬಾ ಶಿಸ್ತಿನವರು. ಅಡುಗೆಮನೆಯಲ್ಲಿ ಊರಿನಿಂದ ತರಿಸಿದ ಕನ್ನಡ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಇರುತ್ತದಲ್ಲ, ಅದು. 2025ರ ಸೆಪ್ಟೆಂಬರ್ ಪುಟದಲ್ಲಿ ಒಂದು ಮನೆಗೆ ಕೆಂಪು ಸುತ್ತು ಹಾಕಿ "ವೀಸಾ" ಅಂತ ಬರೆದಿದ್ದರು. ಅದು ಮಗಳ ತಾರೀಕು. ಮೂವರಿಗೂ ಅದೇ ಅಂದುಕೊಂಡಿದ್ದರು.

ಮೇ ತಿಂಗಳ ಒಂದು ಗುರುವಾರ ರಾತ್ರಿ ಅಕ್ಕ ಫೋನ್ ಮಾಡಿದರು. ವಿಷಯ ಬೇರೇನೋ, ಮಗಳ ಕೆಲಸದ ಪತ್ರ. ಮಾತು ಮುಗಿಯಿತು. ಇಡುವ ಮುಂಚೆ ಸುಮ್ನೆ ಕೇಳಿದೆ, "ಅಕ್ಕಾ, ಅಜ್ಜಿಯ ತಾರೀಕು ಯಾವತ್ತು?"

"ಅದೇ ಸೆಪ್ಟೆಂಬರ್."

"ಕಾಗದ ನೋಡಿ ಹೇಳಿ."

"ಅವರ ಕಾರ್ಡ್ ಹೋದ ವರ್ಷವೇ ಮುಗಿದಿದೆ. 31 ಡಿಸೆಂಬರ್ 2024 ಅಂತ ಇದೆ. ಎಲ್ಲರದೂ ಹಾಗೇ ಇತ್ತಲ್ಲ, ನೀನೇ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಡಿ ಅಂದಿದ್ದೆ."

ನಿಜ, ಅಂದಿದ್ದೆ. ಆ ಪ್ಲಾಸ್ಟಿಕ್ ಕಾರ್ಡುಗಳ ಕಾಲ ಮುಗಿದು ಎಲ್ಲ ಈ-ವೀಸಾ, ಅಂದರೆ ಆನ್‌ಲೈನಿನಲ್ಲಿರುವ ದಾಖಲೆ, ಆಗುವುದಿತ್ತು. ಅದಕ್ಕೇ ಎಷ್ಟೋ ಕಾರ್ಡುಗಳ ಮೇಲೆ ಆ ತಾರೀಕು ಅಚ್ಚಾಗಿತ್ತು. ಒಳಗಿನ ಅನುಮತಿ ಬೇರೆ. ಅದು ಇರುವುದು ಈ-ವೀಸಾ ಖಾತೆಯಲ್ಲಿ, ಇಲ್ಲದಿದ್ದರೆ ಮೊದಲು ಬಂದ ಮಂಜೂರಾತಿ ಪತ್ರದಲ್ಲಿ. ಅಜ್ಜಿಗೆ ಸ್ಮಾರ್ಟ್‌ಫೋನ್ ಇಲ್ಲ ಅಂತ ಯಾರೂ ಖಾತೆ ತೆರೆದಿರಲಿಲ್ಲ. ಪತ್ರ ಎಲ್ಲಿ?

ಅಕ್ಕ ಸ್ಪೀಕರ್ ಹಾಕಿದರು. ಅಜ್ಜಿಯನ್ನು ಎಬ್ಬಿಸಿದರು. ಮೊಮ್ಮಗ "ಬಾಬುಸ್ಯಾ, ಬಾಬುಸ್ಯಾ" ಅನ್ನುವುದು ಕೇಳುತ್ತಿತ್ತು. ಅವರ ಭಾಷೆಯಲ್ಲಿ ಅಜ್ಜಿ ಅಂತ ಅರ್ಥ. ಅಜ್ಜಿ ಕಪಾಟಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಮುಚ್ಚಳ ಬಿಗಿಯಾಗಿತ್ತು, ಭಾವ ಚಮಚದಿಂದ ಎಬ್ಬಿದರು. ಟಣ್ ಅಂತ ಶಬ್ದ ಬಂದದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಳಗೆ ಗಂಡನ ಫೋಟೋ, ಖಾರ್ಕಿವ್ ಮನೆಯ ಬೀಗದ ಕೈ, ಬಟನ್ನುಗಳು. ಎಲ್ಲಕ್ಕಿಂತ ಕೆಳಗೆ, ನಾಲ್ಕು ಮಡಿಕೆಯಾಗಿ ಮಡಚಿದ ಪತ್ರ. ಭಾವ ಕನ್ನಡಕ ಹಾಕಿಕೊಂಡು ಓದಿದರು. "19 ಮೇ 2025."

ಅವತ್ತು 15. ನಾಲ್ಕು ದಿನ. ನಡುವೆ ಶನಿವಾರ, ಭಾನುವಾರ.

ಯಾರೂ ಮಾತಾಡಲಿಲ್ಲ. ಅಜ್ಜಿಗೆ ಅರ್ಥವಾಗಿಬಿಟ್ಟಿತು ಅನ್ನಿಸುತ್ತದೆ, ಅಳಲು ಶುರು ಮಾಡಿದರು. ನಾನು ಹೇಳಿದೆ, "ಅಕ್ಕಾ, ಕಾಫಿಗೆ ಇಡಿ. ನಾಲ್ಕು ದಿನ ಧಾರಾಳ ಆಯಿತು."

ಆಗ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ಇಡೀ ಕಾನೂನಿನಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದು. 1971ರ ಇಮಿಗ್ರೇಷನ್ ಆ್ಯಕ್ಟ್, ಸೆಕ್ಷನ್ 3ಸಿ. ನಮ್ಮೂರಿನ ಮತಗಟ್ಟೆ ನೆನಪಿಸಿಕೊಳ್ಳಿ. ಸಮಯ ಮುಗಿಯುವ ಮುಂಚೆ ಸಾಲಿನಲ್ಲಿ ನಿಂತವರಿಗೆ ಚೀಟಿ ಕೊಡುತ್ತಾರೆ. ಆಮೇಲೆ ರಾತ್ರಿ ಎಂಟಾದರೂ ಅವರಿಗೆ ವೋಟು ಉಂಟು. ಒಂದು ನಿಮಿಷ ತಡವಾಗಿ ಬಂದವರಿಗೆ ಗೇಟು ಮುಚ್ಚಿರುತ್ತದೆ. ಇದೂ ಹಾಗೆಯೇ. ಅನುಮತಿ ಮುಗಿಯುವ ಮುಂಚೆ ಅರ್ಜಿ ಹೋದರೆ, ಉತ್ತರ ಬರುವವರೆಗೆ ಹಳೆಯ ಅನುಮತಿಯೇ ಚಾಲ್ತಿಯಲ್ಲಿರುತ್ತದೆ. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಲಿ, ಚಿಂತೆಯಿಲ್ಲ. ಇರಬಹುದು, ಕೆಲಸ ಮಾಡಬಹುದು, ಡಾಕ್ಟರ ಹತ್ತಿರ ಹೋಗಬಹುದು. ಒಂದು ದಿನ ತಡವಾದರೆ ಈ ರಕ್ಷಣೆ ಇಲ್ಲ. ಕೆಲಸ, ಬಾಡಿಗೆ ಮನೆ, ಸರಕಾರದ ಸಹಾಯಧನ, ಎಲ್ಲಕ್ಕೂ ತೊಂದರೆ.

ರಾತ್ರಿ ಹನ್ನೊಂದೂವರೆಗೆ ಅರ್ಜಿ ಹೋಯಿತು. ಮೊಮ್ಮಗ ಟೈಪ್ ಮಾಡಿದ, ನಾನು ಫೋನಿನಲ್ಲಿ ಒಂದೊಂದೇ ಪ್ರಶ್ನೆ ಓದಿಸಿಕೊಂಡೆ. ಬೆರಳಚ್ಚಿಗೆ ಎರಡು ವಾರದ ಮೇಲೆ ದಿನ ಸಿಕ್ಕಿತು. ಅದು ಮುಖ್ಯವಲ್ಲ, ಅರ್ಜಿ ಕಳಿಸಿದ ದಿನ ಮುಖ್ಯ. ಆಮೇಲೆ 18 ತಿಂಗಳು ಮಂಜೂರಾಯಿತು.

ಹೋದ ವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಈಗ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಬಿಳಿ ಹಾಳೆ ಅಂಟಿಸಿದ್ದಾರೆ. ಮೂರು ಹೆಸರು, ಮೂರು ತಾರೀಕು, ಮೂರು ಬಣ್ಣದ ಇಂಕು. ಅಜ್ಜಿಯದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ.

ಅಯ್ಯೋ, ಸಮಯ ಹೋಗಿಬಿಟ್ಟಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಈ ಅರ್ಜಿಗೆ ಫೀಸ್ ಇಲ್ಲ. ಒಂದು ಪೈಸೆಯೂ ಇಲ್ಲ. ಆರೋಗ್ಯದ ಸರ್‌ಚಾರ್ಜೂ ಇಲ್ಲ. ಯಾರಾದರೂ "ಸರಕಾರಿ ಫೀಸ್" ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ನನ್ನ ಹತ್ತಿರ ಹಾಗೆ ದುಡ್ಡು ಕಳೆದುಕೊಂಡು ಬಂದವರಿದ್ದಾರೆ, ಕೂಲಿ ಮಾಡಿ ಉಳಿಸಿದ ದುಡ್ಡು. ಇನ್ನೊಂದು. ಈ ದೇಶದಲ್ಲಿ ಪರವಾನಗಿ ಇಲ್ಲದೆ ವಲಸೆ ಸಲಹೆ ಕೊಡುವುದನ್ನೇ ಒಂದು ಕೆಲಸವಾಗಿ ಮಾಡುವುದು ಅಪರಾಧ, ದುಡ್ಡು ತೆಗೆದುಕೊಳ್ಳದಿದ್ದರೂ ಸರಿ. ವಾಟ್ಸಾಪಿನಲ್ಲಿ ಸಲಹೆ ಕೊಡುವ ನಮ್ಮ ಅಣ್ಣಂದಿರೇ, ದಯವಿಟ್ಟು ಕೇಳಿಸಿಕೊಳ್ಳಿ. ಫಾರ್ಮ್ ಎಲ್ಲಿದೆ ಅಂತ ತೋರಿಸಿ, ತಾರೀಕು ನೆನಪಿಸಿ, ಜೊತೆಯಲ್ಲಿ ಕೂತು ಅವರು ಹೇಳಿದ್ದನ್ನು ಟೈಪ್ ಮಾಡಿಕೊಡಿ. "ನೀನು ಅಸೈಲಮ್ ಹಾಕು, ಅದೇ ಒಳ್ಳೆಯದು" ಅಂತ ಮಾತ್ರ ಹೇಳಬೇಡಿ. ಅಸೈಲಮ್ ಅಂದರೆ ನಿರಾಶ್ರಿತರಾಗಿ ಆಶ್ರಯ ಕೇಳುವುದು. ಅದು ಬೇರೆಯೇ ದಾರಿ. ಗಾಬರಿಯಲ್ಲಿ ಹತ್ತುವ ದಾರಿಯಲ್ಲ.

ಅರ್ಜಿ ಹಾಕುವಾಗ ಇಲ್ಲೇ ಇರಬೇಕು. ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಅಂತ ಊರಿಗೆ ಹೊರಟವರಿಗೆ ಮೊದಲು ತಾರೀಕು ನೋಡಿಕೊಳ್ಳಲು ಹೇಳಿ. ತೀರಾ ಮುಂಚೆ ಹಾಕಲೂ ಬರುವುದಿಲ್ಲ. ಈ ಎಕ್ಸ್‌ಟೆನ್ಷನ್ ಶುರುವಾದಾಗ ಅನುಮತಿಯ ಕೊನೆಯ 28 ದಿನಗಳಲ್ಲಿ ಮಾತ್ರ ಹಾಕಬೇಕಿತ್ತು. ಹಾಗಾಗಿ ಬಾಗಿಲು ತೆರೆಯುವ ದಿನವನ್ನೂ ಸರಕಾರಿ ವೆಬ್‌ಸೈಟಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಇಲ್ಲಿ ಹುಟ್ಟಿದ ಮಗುವನ್ನು ಮರೆಯಬೇಡಿ.

ಹೋಟೆಲ್, ಕೇರ್ ಹೋಮ್ ನಡೆಸುವವರಿಗೆ ಒಂದು ಮಾತು. ಕೆಲಸದವಳ ಈ-ವೀಸಾ ತಾರೀಕು ದಾಟಿದೆ ಅಂತ ಕಂಡ ಕೂಡಲೇ ಮನೆಗೆ ಕಳಿಸಬೇಡಿ. ಅರ್ಜಿ ಹಾಕಿದ್ದೀಯಾ, ಯಾವತ್ತು ಅಂತ ಕೇಳಿ. ಮುಂಚೆಯೇ ಹಾಕಿದ್ದರೆ ವೀಸಾ ಕೊಡುವ ಇಲಾಖೆಯಾದ ಹೋಮ್ ಆಫೀಸಿನ ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ಗೆ ಬರೆಯಿರಿ. ಅವರು ಕೊಡುವ ಪತ್ರ ಆರು ತಿಂಗಳು ನಿಮ್ಮನ್ನು ಕಾಯುತ್ತದೆ. ನೀವು ಬರೆಯುವ ಒಂದು ಫಾರ್ಮಿನಿಂದ ಒಂದು ಮನೆಯ ಬಾಡಿಗೆ ಉಳಿಯುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ, ಇದರಿಂದ ಪರ್ಮನೆಂಟ್ ಆಗುತ್ತದಾ? ಇಲ್ಲ. ಈ ಸ್ಕೀಮಿನಲ್ಲಿ ಕಳೆದ ವರ್ಷಗಳು ಇಲ್ಲಿ ನೆಲೆಸುವ ಲೆಕ್ಕಕ್ಕೆ ಬರುವುದಿಲ್ಲ. ಮಗ ಇಲ್ಲೇ ಹೈಸ್ಕೂಲು ಮುಗಿಸುತ್ತಿದ್ದಾನೆ, ಇಂಗ್ಲಿಷಿನಲ್ಲೇ ಕನಸು ಕಾಣುತ್ತಾನೆ, ಆದರೂ ಬರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ, ಹೇಳುವಷ್ಟು ಹೇಳುತ್ತಲೇ ಇದ್ದೇನೆ. ನೆಲೆಸಬೇಕಾದರೆ ಸ್ಕಿಲ್ಡ್ ವರ್ಕರ್ ಥರದ ಬೇರೆ ವೀಸಾಕ್ಕೆ ಹೋಗಬೇಕು. 2025ರ ಜುಲೈನಿಂದ ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಅದರ ಬಗ್ಗೆ ಹೇಳಲು ಬಹಳ ಇದೆ. ಇನ್ನೊಮ್ಮೆ ಕರೆದರೆ ಬಂದು ಹೇಳುತ್ತೇನೆ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ.

2025ರ ಫೆಬ್ರವರಿಯಿಂದ 18 ತಿಂಗಳು ಪಡೆದವರ ಅವಧಿ 2026ರ ಆಗಸ್ಟ್ ಹೊತ್ತಿಗೆ ಒಂದೊಂದಾಗಿ ಮುಗಿಯತೊಡಗುತ್ತದೆ. ರೇಡಿಯೋ ಆಫ್ ಮಾಡಿ ನಿಮಗೆ ಗೊತ್ತಿರುವ ಆ ಮನೆಗೆ ಒಂದು ಫೋನ್ ಮಾಡಿ. ಊಟ ಆಯಿತಾ ಅಂತ ಕೇಳಿ. ಆಮೇಲೆ ಅಜ್ಜಿಯ ತಾರೀಕು ಯಾವತ್ತು ಅಂತ ಕೇಳಿ. ಕಾಗದ ನೋಡಿ ಹೇಳಲು ಹೇಳಿ. ನಮಸ್ಕಾರ.