ಅಡುಗೆಮನೆ ಹೊಸಿಲಲ್ಲಿ ಅಜ್ಜಿ

ಆಕಾಶವಾಣಿ ಕೇಳುಗರಿಗೆ ಶರಣು. ದಾವಣಗೆರೆ, ಚಿತ್ರದುರ್ಗದ ಕಡೆ ಈಗ ರೊಟ್ಟಿ ಬಡಿಯುತ್ತಾ ರೇಡಿಯೋ ಕೇಳುತ್ತಿರುವ ತಾಯಂದಿರೇ, ಇವತ್ತಿನ ಮಾತು ನಿಮ್ಮ ಜೊತೆಗೇ.

ನಮ್ಮ ಲಿಂಗಾಯತ ಮನೆಗಳ ಕಟ್ಟುಪಾಡು ಹೇಗೆ ಬದಲಾದವು ಅಂತ ಕೇಳಿದರೆ ಎಲ್ಲರೂ ಮಠ, ಭಾಷಣ, ಸುಧಾರಣೆ ಅಂತ ಶುರು ಮಾಡುತ್ತಾರೆ. 30 ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟ ನಾನು ಹೇಳುವುದು ಒಂದೇ. ಬರೆಯದ ನಿಯಮವನ್ನು ಯಾರೂ ಬಂದು ರದ್ದು ಮಾಡುವುದಿಲ್ಲ. ಮನೆಯಲ್ಲಿ ಅದನ್ನು ಕೇಳುವವರು ಒಂದು ದಿನ ಕೇಳದೆ ಸುಮ್ಮನಾಗುತ್ತಾರೆ. ಅಷ್ಟೇ.

ನೋಡಿ, 12ನೇ ಶತಮಾನದಲ್ಲೇ ಶರಣರು ಸೂತಕ ಇಲ್ಲ ಅಂದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದೂ ಲಿಂಗ ಕಟ್ಟಿದವರಿಗೆ ಇಲ್ಲ. ಇದು ಎಲ್ಲರಿಗೂ ಗೊತ್ತು, ಅಲ್ವಾ? ಆದರೂ ನಾನು 1979ರಲ್ಲಿ ಹರಿಹರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದಾಗ ತಿಂಗಳಿಗೆ ಮೂರು ದಿನ ಹಿತ್ತಲ ಜಗಲಿ ನನ್ನದಾಗಿತ್ತು. ನನ್ನದೇ ಒಂದು ತಟ್ಟೆ, ಒಂದು ಲೋಟ, ಒಂದು ಕಂಬಳಿ. ನೀರು ಕೇಳಿದರೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನನ್ನ ಬೊಗಸೆಗೆ ಹುಯ್ಯುತ್ತಿದ್ದರು, ಅರ್ಧ ಮೊಣಕೈ ಮೇಲೆ ಹರಿದುಹೋಗುತ್ತಿತ್ತು. ಪಡಸಾಲೆ ಗೋಡೆಯ ಮೇಲೆ ಬಸವಣ್ಣನ ಪಟ. ಹಿತ್ತಲಲ್ಲಿ ನಾನು.

ಆ ವರ್ಷ ಭದ್ರಾ ನಾಲೆ ನೀರು ಬಿಟ್ಟಿದ್ದರು, ಭತ್ತದ ನಾಟಿ. ಗದ್ದೆಯಲ್ಲಿ 20 ಆಳು. ಅತ್ತೆ ತವರಿಗೆ ಹೋಗಿದ್ದರು, ಅವರ ಅಣ್ಣನಿಗೆ ಹುಷಾರಿರಲಿಲ್ಲ. ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡನ ಅಜ್ಜಿ ಇಬ್ಬರೇ, ಅದರಲ್ಲೂ ನನಗೆ ಅವತ್ತೇ ಕಾಗೆ ಮುಟ್ಟಿತ್ತು. ಅಜ್ಜಿ ಕೋಲೂರಿಕೊಂಡು ಹಿತ್ತಲಿಗೆ ಬಂದಳು.

"ಏ ತಂಗಿ, ಎದ್ ಬಾ. ಸ್ನಾನ ಮಾಡ್ಕಂಡು ಒಲೆ ಹಚ್ಚು."

"ಅಜ್ಜಿ, ನಾನು ಹೊರಗಿದೀನಿ."

"ನಂಗೇನ್ ಕಣ್ಣು ಕಾಣ್ತಾವಾ?"

ಕಣ್ಣು ಕಾಣುತ್ತಿತ್ತು ಆಕೆಗೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅಜ್ಜಿ ಅದು!

ನಾನು ಒಲೆ ಮುಂದೆ ಕೂತೆ. ಅಜ್ಜಿ ಹೊಸಿಲ ಮೇಲೆ ಕೂತು ಹಿಟ್ಟು ನಾದಿ, ಉಂಡೆ ಕಟ್ಟಿ ನನ್ನ ಕೈಗೇ ಕೊಟ್ಟಳು. ನಾನು ಬಡಿದೆ, ಸುಟ್ಟೆ. 60 ರೊಟ್ಟಿ ಬುಟ್ಟಿಗೆ ಹೋದವು. ಆಮೇಲೆ ಅಜ್ಜಿ ಕರಡಿಗೆ ಬಿಚ್ಚಿ ಲಿಂಗಪೂಜೆ ಮಾಡಿಕೊಂಡು, ವಿಭೂತಿ ಹಚ್ಚಿದ ಕೈಯಲ್ಲೇ ನಾನು ಸುಟ್ಟ ರೊಟ್ಟಿ ಮುರಿದು ಪುಂಡಿಪಲ್ಯದ ಜೊತೆ ತಿಂದಳು. ಏನೂ ಮಾತಾಡಲಿಲ್ಲ.

ಮುಂದಿನ ತಿಂಗಳು ಅತ್ತೆ ಬಂದಿದ್ದರು. ನಾನು ರೂಢಿಯಂತೆ ಜಗಲಿಗೆ ಹೋದೆ. ಒಳಗಿಂದ ಅಜ್ಜಿಯ ದನಿ: "ಅವಳ್ಯಾಕೆ ಅಲ್ ಕುಂತಾಳೆ? ರೊಟ್ಟಿ ಯಾರು ಬಡೀತಾರೆ?" ಅತ್ತೆ ನನ್ನ ಮುಖ ನೋಡಿದರು, ಅಜ್ಜಿ ಕಡೆ ನೋಡಿದರು, ಒಳಗೆ ಹೋದರು. ಆ ಮನೆಯಲ್ಲಿ ಆ ನಿಯಮ ಮುಗಿದದ್ದು ಹಾಗೆ. ಇವತ್ತಿನಿಂದ ಇಲ್ಲ ಅಂತ ಯಾರೂ ಹೇಳಲಿಲ್ಲ. ಕೇಳುವವರು ಕೇಳಲಿಲ್ಲ. ನನ್ನ ಮಗಳಿಗೆ ಆ ಜಗಲಿ ಬರೀ ಜಗಲಿ.

ಸಮಯ ಆಯ್ತು ಅಂತ ಕೈ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಹೋಟೆಲಿನ ಊಟವೂ ಹೀಗೆಯೇ. ತಾತ ಹೊರಗೆ ನೀರೂ ಕುಡಿಯುತ್ತಿರಲಿಲ್ಲ. ದಾವಣಗೆರೆ ಹತ್ತಿ ಮಿಲ್ಲಿಗೆ ಸೇರಿದ ಮಗ ಪಾಳಿ ಮುಗಿಸಿ ಹೊರಗೇ ತಿಂದು, ಬಾಯಿ ತೊಳೆದು ಮನೆಗೆ ಬಂದ. ಮೊಮ್ಮಗ ಬೆಣ್ಣೆದೋಸೆ ಪಾರ್ಸಲ್ ತಂದು ಅಡುಗೆಮನೆ ಕಟ್ಟೆ ಮೇಲೇ ಬಿಚ್ಚುತ್ತಾನೆ. ಯಾರೂ ಕೇಳಲ್ಲ.

ಆದರೆ ಒಂದು ಮಾತು ಹೇಳಲೇಬೇಕು, ನನಗೆ ಇದು ಜಾಸ್ತಿ ಸಂಕಟ. ಹಳೇದು ಬಿಟ್ಟ ಜಾಗಕ್ಕೆ ಹೊಸದು ಬಂದು ಕೂರುತ್ತಿದೆ, ಅದನ್ನೂ ಯಾರೂ ಬರೆದಿಟ್ಟಿಲ್ಲ. ಹೋದ ವರ್ಷ ಅದೇ ಮನೆಗೆ ವಾಸ್ತು ನೋಡಿಸಿದರು. ಒಲೆ ಆಗ್ನೇಯಕ್ಕೆ ಬರಬೇಕು ಅಂತ ಅಡುಗೆಮನೆಯನ್ನೇ ಒಡೆದು ಆಚೆ ಕಟ್ಟಿದರು. ಅಜ್ಜಿ ಕೂತಿದ್ದ ಹೊಸಿಲು ಈಗಿಲ್ಲ. ಇದನ್ನು ಯಾವ ಶರಣರು ಹೇಳಿದ್ದು ಅಂತ ನಾನು ಕೇಳಿದೆ. ಎಲ್ಲರೂ ಸುಮ್ಮನಿದ್ದರು.

ಶರಣು ಶರಣಾರ್ಥಿ.